ಮಾವಳದ ಕಣಿವೆಯಲ್ಲಿ ಜಾಗಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ ಹತ್ತಿರದ ನಿಗಡಿ, ಚಿಂಚವಾಡ, ದೇಹೂರೋಡ್ ಕಡೆಯ ನಾವೊಂದಿಷ್ಟು ಕನ್ನಡದವರು ಭಾನುವಾರ ನಸುಕಿಗೇ ಲೋಕಲ್ ರೈಲು ಹಿಡಿದು, ಮಳವಲಿಯಲ್ಲಿ ಇಳಿದು ಓಡುತ್ತೇವೆ. ಮದುವೆ ಮನೆಯಲ್ಲಿ, ಲೋಕಲ್ ಡಬ್ಬಿಯಲ್ಲಿ, ವಿಜಯಪುರದಿಂದಲೋ ಬೆಳಗಾವಿಯಿಂದಲೋ ಬರುವ ಫೋನಿನಲ್ಲಿ, ಈ ಓಟದ ಬಗ್ಗೆ ಜನ ಕೇಳುವುದು ಹೆಚ್ಚುಕಡಿಮೆ ಅವವೇ ಪ್ರಶ್ನೆಗಳು. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ಹೊಸಬರು ಮೇಲಿನಿಂದ ಓದಿ. ಆಗಲೇ ಓಡುತ್ತಿರುವವರು ಲೋಹಗಡದ ಭಾಗಕ್ಕೆ ನೇರ ಹೋಗಬಹುದು.

## ಶುರು ಮಾಡುವವರಿಗೆ

ಮಾವಳ ಅಂದ್ರೆ ಲೋಣಾವಳಾನೇ ಅಲ್ವಾ?

ಅಲ್ಲ. ಲೋಣಾವಳಾ ಅದರ ಒಂದು ಊರು ಅಷ್ಟೆ. ಪುಣೆಯ ಪಶ್ಚಿಮಕ್ಕೆ, ಸಹ್ಯಾದ್ರಿಯ ಅಂಚಿನಲ್ಲಿ ಗುಡ್ಡಸಾಲುಗಳ ನಡುವೆ ಬಿದ್ದಿರುವ ಕಣಿವೆಗಳ ಸೀಮೆಗೆ ಮಾವಳ ಎಂದು ಹೆಸರು. ಶಿವಾಜಿಯ ಕಾಲಾಳುಗಳಿಗೆ ಮಾವಳೆ ಎಂಬ ಹೆಸರು ಬಂದಿದ್ದು ಇಂಥ ಕಣಿವೆಗಳಿಂದಲೇ. ನಾವು ಓಡುವುದು ಇಂದ್ರಾಯಣಿ ನದಿಯ ಕಣಿವೆಯಲ್ಲಿ. ಲೋಣಾವಳಾ ಬಳಿಯ ಬೆಟ್ಟದಲ್ಲಿ ಹುಟ್ಟಿ, ದೇಹು, ಆಳಂದಿ ಮುಟ್ಟಿ, ತುಳಾಪುರದಲ್ಲಿ ಭೀಮೆಗೆ ಸೇರುವ ನದಿ ಇದು. ಆ ಭೀಮೆಯೇ ಮುಂದೆ ನಮ್ಮ ಕಲಬುರಗಿ ಜಿಲ್ಲೆಗೆ ಹರಿದು ಬರುತ್ತದೆ. ಒಂದು ಪಕ್ಕ ಕಾರ್ಲಾ ಲೇಣಿಯ (ಲೇಣಿ ಅಂದರೆ ಬಂಡೆ ಕೊರೆದು ಮಾಡಿದ ಬೌದ್ಧ ಗುಹೆ) ಗುಡ್ಡ, ಇನ್ನೊಂದು ಪಕ್ಕ ಭಾಜೆ ಲೇಣಿ, ಅದರ ಹಿಂದೆ ಲೋಹಗಡ ಮತ್ತು ವಿಸಾಪುರ ಕೋಟೆಗಳು. ನಡುವೆ ಭತ್ತದ ಗದ್ದೆ. ಇಷ್ಟೂ ಒಂದೇ ಸ್ಟೇಷನ್‌ನಿಂದ ಕಾಲಳತೆಯಲ್ಲಿದೆ.

ನಾನು ಪಾರ್ಕಲ್ಲಿ ನಾಲ್ಕು ರೌಂಡ್ ಹೊಡೆಯೋನು. ಅಲ್ಲಿ ಬಂದು ಓಡೋಕಾಗತ್ತಾ?

ಆಗುತ್ತದೆ. ಅರ್ಧ ಗಂಟೆ ನಿಲ್ಲದೆ ಬಿರುಸಾಗಿ ನಡೆಯಲು ಬಂದರೆ ಸಾಕು, ಭಾಜೆಯ ದಾರಿ ನಿಮ್ಮದೇ. ಒಂದು ವ್ಯತ್ಯಾಸ ತಿಳಿದಿರಲಿ. ಪಾರ್ಕಿನ ನೆಲ ಸಪಾಟು, ಇಲ್ಲಿನ ನೆಲ ಏರಿಳಿತದ್ದು. ಪುಣೆಯಲ್ಲಿ 5 ಕಿ.ಮೀ.ಗೆ ಎಷ್ಟು ನಿಮಿಷ ಹಿಡಿಯುತ್ತೋ ಅದಕ್ಕೆ ಐದಾರು ನಿಮಿಷ ಸೇರಿಸಿಕೊಳ್ಳಿ. ವಾಚ್ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಪಕ್ಕದವರ ಜೊತೆ ಮಾತಾಡುತ್ತಾ ಓಡಲು ಬರುವಷ್ಟು ವೇಗ ಸರಿಯಾದ ವೇಗ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರು ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ ಬನ್ನಿ.

ಹೋಗೋದು ಹೇಗೆ? ಕಾರು ಬೇಕೇ ಬೇಕಾ?

ಬೇಡವೇ ಬೇಡ. ಪುಣೆ–ಲೋಣಾವಳಾ ಲೋಕಲ್‌ನಲ್ಲಿ ಲೋಣಾವಳಾಕ್ಕೆ ಒಂದು ಸ್ಟೇಷನ್ ಮೊದಲು ಮಳವಲಿ. ಪುಣೆ ಸ್ಟೇಷನ್‌ನಿಂದ ಸುಮಾರು ಒಂದೂಕಾಲು ಗಂಟೆ. ಮುಂಬಯಿಂದ ಬರುವವರು ಲೋಣಾವಳಾದಲ್ಲಿ ಇಳಿದು, ಪುಣೆ ಕಡೆ ಹೋಗುವ ಲೋಕಲ್ ಹತ್ತಿ ಒಂದು ಸ್ಟೇಷನ್ ಹಿಂದೆ ಬನ್ನಿ. ಮಳವಲಿ ಸಣ್ಣ ಸ್ಟೇಷನ್. ಎಕ್ಸ್‌ಪ್ರೆಸ್ ಗಾಡಿಗಳು ಸದ್ದು ಮಾಡಿಕೊಂಡು ಹಾಗೇ ಹೋಗಿಬಿಡುತ್ತವೆ.

ವಾಪಸ್ ಬರುವ ಗಾಡಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಮಧ್ಯಾಹ್ನದ ಹೊತ್ತಲ್ಲಿ ಲೋಕಲ್‌ಗಳ ನಡುವೆ ದೊಡ್ಡ ಗ್ಯಾಪ್ ಇರುತ್ತದೆ. ಅದು ತಪ್ಪಿದರೆ ಬೆವರಿದ ಬಟ್ಟೆಯಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಗಂಟೆಗಟ್ಟಲೆ ಕೂರಬೇಕಾಗುತ್ತದೆ.

ಮೊದಲ ಸಲಕ್ಕೆ ಯಾವ ದಾರಿ ಹಿಡೀಲಿ?

ಭಾಜೆ. ಎರಡನೇ ಯೋಚನೆ ಬೇಡ. ಸ್ಟೇಷನ್‌ನಿಂದ ದಕ್ಷಿಣಕ್ಕೆ ಹೊರಟರೆ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಹಾದುಹೋಗುವ ಸೇತುವೆ ಸಿಗುತ್ತದೆ. ಕೆಳಗೆ ಗಾಡಿಗಳ ಭೋರ್ಗರೆತ. ಸೇತುವೆ ಇಳಿದು ಮುಂದೆ ಹೋದಂತೆ ಆ ಸದ್ದು ಸಣ್ಣಗಾಗುತ್ತಾ ಬಂದು ಕೋಳಿ ಕೂಗು ಕೇಳಿಸುತ್ತದೆ. ಭಾಜೆ ಊರು ದಾಟಿ ಲೇಣಿಯ ಮೆಟ್ಟಿಲ ಬುಡಕ್ಕೆ ಬಂದರೆ ನಿಮ್ಮ ಓಟದ ಅರ್ಧ ಮುಗಿಯಿತು. ಹೋಗಿ ಬರಲು ಒಟ್ಟು 5 ಕಿ.ಮೀ. ಆಸುಪಾಸು.

ಅಲ್ಲಿಂದ ಮೇಲೆ ಹತ್ತಿ. ಓಡಬೇಡಿ, ನಡೆದು ಹತ್ತಿ. ಭಾಜೆಯಲ್ಲಿ 22 ಲೇಣಿಗಳಿವೆ. ಕ್ರಿ.ಪೂ. 2ನೇ ಶತಮಾನದಷ್ಟು ಹಳೆಯವು. ದೊಡ್ಡ ಚೈತ್ಯದ, ಅಂದರೆ ಸ್ತೂಪ ಇರುವ ಪ್ರಾರ್ಥನೆಯ ಸಭಾಂಗಣದ ಕಂಬಗಳನ್ನು ಗಮನಿಸಿ. ನೆಟ್ಟಗಿಲ್ಲ, ಸ್ವಲ್ಪ ಒಳಕ್ಕೆ ವಾಲಿವೆ. ಮರದ ಕಟ್ಟಡದಲ್ಲಿ ಚಾವಣಿಯ ಭಾರ ತಡೆಯಲು ಕಂಬವನ್ನು ಹಾಗೆ ವಾಲಿಸಿ ನಿಲ್ಲಿಸುತ್ತಾರೆ. ಕಲ್ಲಿನಲ್ಲಿ ಕೊರೆಯುವಾಗ ಅದರ ಅಗತ್ಯವೇ ಇರಲಿಲ್ಲ. ಆದರೂ ಬಡಗಿಯ ಲೆಕ್ಕವನ್ನು ಕಲ್ಲುಕುಟಿಗ ಬಿಡಲಿಲ್ಲ. ಸಾಲಿನ ಕೊನೆಯ ಕಡೆಗೆ ಒಂದು ವಿಹಾರ, ಅಂದರೆ ಭಿಕ್ಷುಗಳು ವಾಸ ಮಾಡುತ್ತಿದ್ದ ಲೇಣಿ ಇದೆ. ಅದರ ವರಾಂಡದಲ್ಲಿ ರಥ ಏರಿದ ಸೂರ್ಯ, ಆನೆ ಏರಿದ ಇಂದ್ರ ಎಂದು ಗುರುತಿಸುವ ಎರಡು ಕೆತ್ತನೆಗಳಿವೆ. ಅದನ್ನು ನೋಡದೆ ಕೆಳಗೆ ಇಳಿಯಬೇಡಿ.

ಯಾವ ತಿಂಗಳಲ್ಲಿ ಬಂದರೆ ಚೆನ್ನ?

ನನ್ನ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಬೆಳಗಿನ ಚಳಿ ಇರುತ್ತದೆ, ರಸ್ತೆ ಒಣಗಿರುತ್ತದೆ. ನವೆಂಬರಿನಲ್ಲಿ ಭತ್ತದ ಸುಗ್ಗಿ. ಇಲ್ಲಿ ಬೆಳೆಯುವ ಇಂದ್ರಾಯಣಿ ಅಕ್ಕಿಗೆ ಅದರದ್ದೇ ಪರಿಮಳ. ಕೊಯ್ದ ಗದ್ದೆಯ ಪಕ್ಕ ಓಡುವಾಗ ಹಸಿ ಹುಲ್ಲಿನ ವಾಸನೆ ಎದೆ ತುಂಬಿಕೊಳ್ಳುತ್ತದೆ.

ಸೆಪ್ಟೆಂಬರ್ ಕೊನೆಯೂ ಚೆಂದ. ಗುಡ್ಡದ ಮೇಲೆ ಸೋನಕಿ ಎಂಬ ಹಳದಿ ಹೂವು ಹಾಸಿಕೊಂಡಿರುತ್ತದೆ. ಮಾರ್ಚ್ ನಂತರ ಬಿಸಿಲು ಬೇಗ ಏರುತ್ತದೆ. ಆಗ ಓಡುವವರು 8 ಗಂಟೆಯೊಳಗೆ ಮುಗಿಸಿ.

ಮಳೆಗಾಲದ ಪ್ರಶ್ನೆ ಬೇರೆಯೇ ಇದೆ, ಕೆಳಗೆ ಬರೆದಿದ್ದೇನೆ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ?

ಈ ಪ್ರಶ್ನೆಯನ್ನು ನಮ್ಮ ಗುಂಪಿನ ಅಕ್ಕಂದಿರನ್ನೇ ಕೇಳಿ ಬರೆಯುತ್ತಿದ್ದೇನೆ. ಸ್ಟೇಷನ್‌ನಿಂದ ಭಾಜೆವರೆಗೆ ಊರು, ಮನೆ, ಜನ ಇರುವುದರಿಂದ ಬೆಳಕು ಹರಿದ ಮೇಲೆ ಒಬ್ಬರೇ ಓಡಿದ್ದೇವೆ ಎನ್ನುತ್ತಾರೆ. ಭಾಜೆ ದಾಟಿ ಲೋಹಗಡದ ಕಡೆ ಹೋಗುವ ಘಾಟಿ ರಸ್ತೆಗೆ ಮತ್ತು ಬೇಡಸೆ ಲೇಣಿಯ ದಾರಿಗೆ (ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ) ಇಬ್ಬರು ಮೂವರಾದರೂ ಜೊತೆಗೆ ಹೋಗಿ ಎಂಬುದು ಅವರ ಮಾತು. ಗಂಡಸರಿಗೂ ನಾನು ಅದನ್ನೇ ಹೇಳುತ್ತೇನೆ. ಕಾಲು ಉಳುಕಿದರೆ ಹಿಡಿದುಕೊಳ್ಳಲು ಒಂದು ಕೈ ಬೇಕು.

ನಾಯಿ ಅಟ್ಟಿಸಿಕೊಂಡು ಬಂದರೆ?

ನಿಲ್ಲಿ. ಓಡುವುದನ್ನು ನಿಲ್ಲಿಸಿದರೆ ಮುಕ್ಕಾಲು ಪಾಲು ನಾಯಿಗಳು ಸುಮ್ಮನಾಗುತ್ತವೆ. ಕಲ್ಲು ಎತ್ತಬೇಡಿ. ಅವು ಊರಿನವರು ಸಾಕಿದ ನಾಯಿಗಳು. ಮನೆ ಮುಂದೆ ನಡೆದುಕೊಂಡು ಹೋಗಿ, ಆಮೇಲೆ ಮತ್ತೆ ಓಡಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ರೇಬಿಸ್ ಇಂಜೆಕ್ಷನ್ ಶುರು ಮಾಡಿ. ನಾಳೆ ನೋಡೋಣ ಅನ್ನಬೇಡಿ.

ನನಗೆ ಮರಾಠಿ ಬರಲ್ಲ. ತೊಂದರೆ ಆಗತ್ತಾ?

ಇಲ್ಲ. ಹಿಂದಿ ನಡೆಯುತ್ತದೆ. ಆದರೂ ಎದುರಿಗೆ ಬಂದ ಹಿರಿಯರಿಗೆ ‘ರಾಮಕೃಷ್ಣ ಹರಿ’ ಎಂದು ನೋಡಿ. ಇದು ವಾರಕರಿಗಳ, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲ ಭಕ್ತರ ನಮಸ್ಕಾರ. ದೇಹುವಿನ ತುಕಾರಾಮ, ಆಳಂದಿಯ ಜ್ಞಾನೇಶ್ವರ ಇಬ್ಬರ ಪಾಲಖಿಯೂ ಈ ಇಂದ್ರಾಯಣಿ ದಂಡೆಯಿಂದಲೇ ಪಂಢರಪುರಕ್ಕೆ ಹೊರಡುವುದು. ವಿಠ್ಠಲ ನಮಗೂ ಬೇರೆಯವನಲ್ಲ ಅಲ್ವಾ? ಆ ಒಂದು ಮಾತಿಗೆ ಗದ್ದೆಯಲ್ಲಿ ಬಗ್ಗಿದವರು ತಲೆ ಎತ್ತಿ ನಗುತ್ತಾರೆ.

ತಿಂಡಿ, ನೀರು, ಬಟ್ಟೆ ಬದಲಿಸುವ ಜಾಗ?

ಅರ್ಧ ಲೀಟರ್ ನೀರು ಜೊತೆಗಿರಲಿ. ಊರುಗಳಲ್ಲಿ ಚಹಾ, ಪೋಹೆ, ವಡಾಪಾವ್ ಸಿಗುತ್ತದೆ. ಲೋಹಗಡ ಕೋಟೆಯ ಬುಡದ ಊರಾದ ಲೋಹಗಡವಾಡಿಯಲ್ಲಿ ಮನೆಯವರೇ ಪಿಠಲಾ-ಭಾಕ್ರಿ, ಠೇಚಾ ಮಾಡಿಕೊಡುತ್ತಾರೆ. ನಮ್ಮ ಕಡೆಯ ಝುಣಕಾ-ರೊಟ್ಟಿ ತಿಂದವರಿಗೆ ಅದು ಮನೆಯೂಟವೇ. ಹೋಗುವಾಗ ಹೇಳಿ ಹೋದರೆ ಬರುವಷ್ಟರಲ್ಲಿ ಬಿಸಿ ಭಾಕ್ರಿ ತಯಾರಿರುತ್ತದೆ. ಬಟ್ಟೆ ಬದಲಿಸಲು ಇದು ಅಂತ ಒಂದು ಜಾಗ ಇಲ್ಲ. ಒಣ ಟೀಶರ್ಟ್ ಒಂದು ಇಟ್ಟುಕೊಳ್ಳಿ.

## ರೂಢಿಯಾದ ಮೇಲೆ

ಕಾರ್ಲಾ ದಾರಿ ಹೇಗಿದೆ? ಹೈವೇ ದಾಟಬೇಕಂತೆ?

ಹೌದು, ಅದೊಂದೇ ಅದರ ಕಷ್ಟ. ಮಳವಲಿಯಿಂದ ಉತ್ತರಕ್ಕೆ ಇಂದ್ರಾಯಣಿ ಸೇತುವೆ ದಾಟಿ ಕಾರ್ಲಾ ಫಾಟಾಕ್ಕೆ, ಅಂದರೆ ಕಾರ್ಲಾದ ಕವಲುದಾರಿಗೆ ಬಂದರೆ ಹಳೆ ಮುಂಬಯಿ–ಪುಣೆ ಹೆದ್ದಾರಿ ಅಡ್ಡ ಬರುತ್ತದೆ. ಅಲ್ಲಿ ಓಟ ನಿಲ್ಲಿಸಿ, ಎರಡೂ ಕಡೆ ನೋಡಿ, ನಡೆದು ದಾಟಿ. ಆಚೆ ಲೇಣಿಯ ಗುಡ್ಡದವರೆಗೆ ಏರು ದಾರಿ. ಹೋಗಿ ಬರಲು ಸುಮಾರು 10 ಕಿ.ಮೀ. ಮೇಲೆ ಲೇಣಿಯ ಪಕ್ಕದಲ್ಲೇ ಏಕವೀರಾ ದೇವಿಯ ಗುಡಿ. ಮೀನುಗಾರರಾದ ಕೋಳಿ ಸಮುದಾಯದವರ ಮತ್ತು ಆಗ್ರಿ ಸಮುದಾಯದವರ ಕುಲದೇವತೆ. ಚೈತ್ರದ ಜಾತ್ರೆಯ ದಿನಗಳಲ್ಲಿ, ನವರಾತ್ರಿಯಲ್ಲಿ ರಸ್ತೆ ತುಂಬಾ ಭಕ್ತರು. ಆ ದಿನಗಳು ಅವರವು. ನೀವು ಭಾಜೆ ಕಡೆ ಹೋಗಿ.

ಕಾರ್ಲಾ ಲೇಣಿಗೂ ಕರ್ನಾಟಕಕ್ಕೂ ಏನೋ ಸಂಬಂಧ ಇದೆಯಂತೆ, ನಿಜಾನಾ?

ನಿಜ. ಇದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತೇನೆ.

ಕಾರ್ಲಾದ ದೊಡ್ಡ ಚೈತ್ಯ ಭಾರತದ ಲೇಣಿಗಳಲ್ಲೇ ಅತಿ ದೊಡ್ಡ ಚೈತ್ಯಗೃಹ. ಸುಮಾರು ಕ್ರಿ.ಶ. 1ನೇ ಶತಮಾನದ್ದು. ಅದರ ವರಾಂಡದ ಎಡತುದಿಯಲ್ಲಿ, ಆನೆಗಳ ಕೆತ್ತನೆ ಇರುವ ಕಡೆ, ಬ್ರಾಹ್ಮಿ ಲಿಪಿಯಲ್ಲಿ ಪ್ರಾಕೃತದ ಒಂದು ಶಾಸನ ಇದೆ. ವೈಜಯಂತಿಯ ಸೇಠಿ ಭೂತಪಾಲ ಈ ಕಲ್ಲುಮನೆಯನ್ನು ಮುಗಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಎಂಬುದು ಅದರ ಅರ್ಥ. ವೈಜಯಂತಿ ಅಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮುಂದೆ ಕದಂಬರ ರಾಜಧಾನಿಯಾದ ಅದೇ ಬನವಾಸಿ. ಸೇಠಿ ಎಂಬುದು ನಮ್ಮ ಸೆಟ್ಟಿಯೇ.

ಬನವಾಸಿಯಿಂದ ಇಲ್ಲಿಗೆ ಇವತ್ತಿನ ರಸ್ತೆಯಲ್ಲಿ 500 ಕಿ.ಮೀ.ಗಿಂತ ಜಾಸ್ತಿ. ಅಷ್ಟು ದೂರದ ಒಬ್ಬ ವ್ಯಾಪಾರಿಯ ಹೆಸರು ಮಾವಳದ ಗುಡ್ಡದ ಮೇಲೆ ಉಳಿದಿದೆ. ಕೆಲಸಕ್ಕಾಗಿ ಊರು ಬಿಟ್ಟು ಪುಣೆಗೆ ಬಂದ ನಮಗೆ ಆ ಕಲ್ಲಿನ ಮುಂದೆ ನಿಂತಾಗ ಏನೋ ಆಗುತ್ತದೆ. ನಮ್ಮ ಗುಂಪಿಗೆ ಹೊಸಬರು ಬಂದರೆ, ಭಾಜೆ ಆದ ಮೇಲೆ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಶಿರಸಿ ಕಡೆಯ ಒಬ್ಬ ಹುಡುಗ ಅದನ್ನು ಕೇಳಿ, ಅಲ್ಲಿಂದಲೇ ಅವನಮ್ಮನಿಗೆ ಫೋನ್ ಹಚ್ಚಿದ್ದ.

ಒಳಗೆ ಹೋದ ಮೇಲೆ ತಲೆ ಎತ್ತಿ ನೋಡಿ. ಕಮಾನಿನ ಚಾವಣಿಗೆ ಬಿಲ್ಲಿನಂತೆ ಬಾಗಿದ ಮರದ ಪಟ್ಟಿಗಳಿವೆ. ತೇಗದವು, ಆ ಕಾಲದವೇ. ಕೆಳಗೆ ಎರಡೂ ಪಕ್ಕ 15-15 ಕಂಬ, ಕಂಬಗಳ ತಲೆಯ ಮೇಲೆ ಮಂಡಿಯೂರಿದ ಆನೆಗಳು, ಅವುಗಳ ಮೇಲೆ ಜೋಡಿ ಜೋಡಿ ಜನ. ಓಡಿ ಬಂದ ಬೆವರು ಆ ತಂಪಿನಲ್ಲಿ ಬೆನ್ನ ಮೇಲೇ ಆರುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ಮೊದಲು ಸ್ತೂಪ, ಆಮೇಲೆ ಆನೆಗಳ ಸೊಂಡಿಲು, ಕೊನೆಗೆ ಮೇಲಿನ ಮರ, ಹೀಗೆ ಒಂದೊಂದೇ ಕಾಣಿಸುತ್ತಾ ಬರುತ್ತವೆ.

ಇಷ್ಟೊಂದು ಲೇಣಿ, ಕೋಟೆ ಎಲ್ಲಾ ಇಲ್ಲೇ ಯಾಕೆ ಒತ್ತಾಗಿವೆ?

ಈ ಕಣಿವೆಯೇ ಒಂದು ದಾರಿ ಆಗಿತ್ತು, ಅದಕ್ಕೆ. ಮುಂಬಯಿ ಬಳಿಯ ಕಲ್ಯಾಣ, ಸೋಪಾರಾದಂಥ ಬಂದರುಗಳಲ್ಲಿ ಇಳಿದ ಸರಕು ಬೋರ್ ಘಾಟ್ ಹತ್ತಿ ಘಟ್ಟದ ಮೇಲಿನ ಊರುಗಳಿಗೆ ಹೋಗುತ್ತಿದ್ದುದು ಇದೇ ಸೀಮೆಯಲ್ಲಿ. ದಾರಿಯಲ್ಲಿ ವ್ಯಾಪಾರಿಗಳು, ಅವರ ದಾನದಿಂದ ಭಿಕ್ಷುಗಳ ಲೇಣಿಗಳು. ಕೊರೆಯಲು ಬಸಾಲ್ಟ್ ಕಲ್ಲು ಪದರ ಪದರವಾಗಿ ಇತ್ತು. ಆಮೇಲಿನ ಕಾಲದಲ್ಲಿ ಅದೇ ದಾರಿ ಕಾಯಲು ಕೋಟೆಗಳು ಬೇಕಾದವು. ಇವತ್ತೂ ನೋಡಿ, ರೈಲು, ಹಳೆ ಹೆದ್ದಾರಿ, ಎಕ್ಸ್‌ಪ್ರೆಸ್‌ವೇ ಮೂರೂ ಇದೇ ಕಣಿವೆಯಲ್ಲಿ ಪಕ್ಕಪಕ್ಕ ಹೋಗುತ್ತವೆ. ಮಳವಲಿ ಸೇತುವೆಯ ಮೇಲೆ ನಿಂತರೆ ಇದು ಬೇಗ ಅರ್ಥವಾಗುತ್ತದೆ. ಭೂತಪಾಲನೂ ಇದೇ ದಾರಿಯವನು, ನಾವೂ.

ಮಳೆಗಾಲದಲ್ಲಿ ಓಡಬಹುದಾ? ಫೋಟೋ ನೋಡಿದರೆ ಆಸೆ ಆಗತ್ತೆ.

ಆಸೆ ಆಗುವುದು ಸಹಜ. ಲೋಣಾವಳಾ ಸುತ್ತ ವರ್ಷಕ್ಕೆ 4000 ಮಿ.ಮೀ.ಗಿಂತ ಜಾಸ್ತಿ ಮಳೆ. ಪುಣೆ ಶಹರದಲ್ಲಿ ಬೀಳುವುದು ಅದರ ಐದನೇ ಒಂದು ಪಾಲಿನಷ್ಟು. ಜುಲೈನಲ್ಲಿ ಪ್ರತಿ ಬಂಡೆಯಿಂದ ನೀರು ಇಳಿಯುತ್ತಿರುತ್ತದೆ. ಆದರೆ ನೀರಿಗೆ ಮರ್ಯಾದೆ ಕೊಡಬೇಕು. 2024ರಲ್ಲಿ ಲೋಣಾವಳಾದ ಭೂಶಿ ಡ್ಯಾಮ್ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದವರು ಕೊಚ್ಚಿಹೋದರು. 2025ರ ಜೂನ್‌ನಲ್ಲಿ ತಳೇಗಾವ್ ಬಳಿಯ ಕುಂಡಮಳಾದಲ್ಲಿ ಇಂದ್ರಾಯಣಿ ಮೇಲಿನ ಹಳೆ ಕಬ್ಬಿಣದ ಸೇತುವೆ ಕುಸಿದು ಜೀವಗಳು ಹೋದವು. ಎರಡೂ ಭಾನುವಾರ.

ನಾವು ಇಟ್ಟುಕೊಂಡ ಕಟ್ಟುಪಾಡು ಇಷ್ಟು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟುವುದಿಲ್ಲ, ವಾಪಸ್. ಜಲಪಾತದ ಕೆಳಗೆ ನಿಲ್ಲುವುದಿಲ್ಲ. ಜಿಲ್ಲಾಡಳಿತ ಮಳೆಗಾಲದಲ್ಲಿ ಕೆಲವು ಜಾಗಗಳಿಗೆ ನಿರ್ಬಂಧ ಹಾಕುತ್ತದೆ, ಅದನ್ನು ನೋಡಿಕೊಂಡೇ ಹೊರಡುತ್ತೇವೆ. ಶನಿವಾರ, ಭಾನುವಾರ ಭಾಜೆ ರಸ್ತೆಯಲ್ಲಿ ಕಾರುಗಳ ಸಾಲು ಬೇರೆ. ಆಗ ರಜೆ ಹಾಕಿ ವಾರದ ನಡುವೆ ಬನ್ನಿ.

ನಾನು ಒಮ್ಮೆ ಪಾಠ ಕಲಿತೆ. ಆಗಸ್ಟ್ ತಿಂಗಳು, ಸವೆದ ಅಟ್ಟೆಯ ಶೂ, ಲೋಹಗಡದ ಇಳಿಜಾರು. ಮೋರಿಯ ಪಕ್ಕ ಪಾಚಿ ಕಟ್ಟಿತ್ತು. ಕಾಲು ಜಾರಿ ಮಂಡಿ ಕಲ್ಲಿಗೆ ಬಡಿಯಿತು. ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಗದ್ದೆಯಿಂದ ಎದ್ದು ಬಂದು, ಗಾಯ ತೊಳೆದು, ತಮ್ಮ ಸೆರಗಿನ ಅಂಚನ್ನೇ ಹರಿದು ಕಟ್ಟಿದರು. ನಾಟಿಯ ಕೆಸರು ಅವರ ಮೊಣಕೈವರೆಗೂ ಇತ್ತು. ಆರು ವಾರ ಓಡಲಿಲ್ಲ. ಅಟ್ಟೆಯ ಗೀರುಗಳು ಸವೆದ ಶೂ ಮಳೆಗಾಲಕ್ಕೆ ಬೇಡ.

ಜೇನು ಕಡಿಯುತ್ತಂತೆ?

ಲೇಣಿ ಮತ್ತು ಕೋಟೆಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಇಲ್ಲಿಯವರು ಆಗ್ಯಾ ಮೋಹೋಳ ಅನ್ನುತ್ತಾರೆ. ಸೆಂಟ್ ಹಾಕಿಕೊಂಡು ಬರಬೇಡಿ, ಕೂಗಾಡಬೇಡಿ, ಹೊಗೆ ಎಬ್ಬಿಸಬೇಡಿ. ಎದ್ದರೆ ಮುಖ ಮುಚ್ಚಿಕೊಂಡು ದೂರ ಹೋಗಿ, ಕೈ ಬೀಸಬೇಡಿ.

## ದೂರ ಓಡುವವರಿಗೆ

ಲೋಹಗಡದ ಏರು ಓಡಿಕೊಂಡೇ ಹತ್ತೋಕಾಗತ್ತಾ?

ಪೂರ್ತಿ ಓಡಿ ಹತ್ತುವವರು ಇದ್ದಾರೆ, ಆದರೆ ಹಾಗೇ ಮಾಡಬೇಕೆಂದೇನಿಲ್ಲ. ಲೋಣಾವಳಾ ಪಟ್ಟಣ ಸಮುದ್ರಮಟ್ಟದಿಂದ 620 ಮೀಟರ್ ಆಸುಪಾಸು, ಲೋಹಗಡದ ತುದಿ 1033 ಮೀಟರ್. ನಡುವಿನ ಏರು ಬಹುಪಾಲು ಭಾಜೆ ದಾಟಿದ ಮೇಲೆ ಬರುತ್ತದೆ. ರಸ್ತೆ ಸುತ್ತಿ ಸುತ್ತಿ ಗಾಯಮುಖ ಖಿಂಡ್‌ಗೆ ಏರುತ್ತದೆ. ಖಿಂಡ್ ಅಂದರೆ ಎರಡು ಗುಡ್ಡಗಳ ನಡುವಿನ ಕಂಡಿ. ಎಡಕ್ಕೆ ವಿಸಾಪುರ, ಬಲಕ್ಕೆ ಲೋಹಗಡ. ಅಲ್ಲಿಂದ ಲೋಹಗಡವಾಡಿ ಹತ್ತಿರ. ಸ್ಟೇಷನ್‌ನಿಂದ ವಾಡಿಗೆ 8 ಕಿ.ಮೀ. ಆಸುಪಾಸು.

ಏರಿನಲ್ಲಿ ಸಣ್ಣ ಹೆಜ್ಜೆ ಇಡಿ. ಉಸಿರು ಕಟ್ಟಿದರೆ ನೂರು ಹೆಜ್ಜೆ ಓಟ, ಐವತ್ತು ಹೆಜ್ಜೆ ನಡಿಗೆ ಎಂದು ಲೆಕ್ಕ ಹಾಕಿಕೊಂಡು ಹೋಗಿ. ನಿಜವಾದ ಪರೀಕ್ಷೆ ಇಳಿಯುವಾಗ. ದೊಡ್ಡ ಹೆಜ್ಜೆ ಹಾಕಿ ಧಡಧಡ ಇಳಿದರೆ ಎರಡು ದಿನ ಮನೆಯ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ಹಿಡಿಯುತ್ತದೆ. ಮೊದಲ ಸಲ ಹತ್ತಿದವರು ಇಳಿಜಾರನ್ನು ನಡೆದೇ ಇಳಿಯಿರಿ. ತಿರುವುಗಳಲ್ಲಿ ಬಲಕ್ಕೆ, ಎದುರಿನ ಗಾಡಿ ಕಾಣುವ ಪಕ್ಕದಲ್ಲಿರಿ.

ಕೋಟೆಯ ಮೆಟ್ಟಿಲ ಮೇಲೂ ಓಡಬಹುದಾ?

ದಯವಿಟ್ಟು ಬೇಡ. ವಾಡಿಯಲ್ಲಿ ಓಟ ಮುಗಿಸಿ, ಮೇಲಕ್ಕೆ ನಡೆದು ಹೋಗಿ. ಗಣೇಶ, ನಾರಾಯಣ, ಹನುಮಾನ್, ಮಹಾ ಎಂದು ನಾಲ್ಕು ದರವಾಜೆಗಳು ಒಂದರ ಮೇಲೊಂದು ಸುತ್ತಿ ಏರುತ್ತವೆ. ಆ ಮೆಟ್ಟಿಲ ಮೇಲೆ ಮಕ್ಕಳು, ವಯಸ್ಸಾದವರು ಕೈ ಹಿಡಿದುಕೊಂಡು ಹತ್ತುತ್ತಿರುತ್ತಾರೆ. 2025ರ ಜುಲೈನಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲೋಹಗಡ ಅವುಗಳಲ್ಲಿ ಒಂದು.

1665ರ ಪುರಂದರ ಒಪ್ಪಂದದಲ್ಲಿ ಶಿವಾಜಿ ಇದನ್ನು ಮೊಗಲರಿಗೆ ಬಿಟ್ಟುಕೊಟ್ಟು, 1670ರಲ್ಲಿ ಮತ್ತೆ ಗೆದ್ದುಕೊಂಡ. ಮೇಲಿನಿಂದ ಪಶ್ಚಿಮಕ್ಕೆ ಚಾಚಿದ ಉದ್ದನೆಯ ಬಂಡೆಯ ಸೆರಗಿಗೆ ವಿಂಚೂಕಾಟಾ, ಅಂದರೆ ಚೇಳಿನ ಕೊಂಡಿ ಎಂದು ಹೆಸರು. ಎದುರಿಗೆ ಇದಕ್ಕಿಂತ ಎತ್ತರದ ವಿಸಾಪುರ ಕಾಣುತ್ತದೆ, 1084 ಮೀಟರ್. 1818ರಲ್ಲಿ ಇಂಗ್ಲಿಷರು ಮೊದಲು ವಿಸಾಪುರ ಹಿಡಿದರು. ಮೇಲಿನಿಂದ ತೋಪು ಬೀಳುವ ಹಾಗಾದ ಮೇಲೆ ಲೋಹಗಡ ನಿಲ್ಲಲಿಲ್ಲ. ಗಾಯಮುಖದಲ್ಲಿ ನಿಂತು ಎರಡನ್ನೂ ನೋಡಿದರೆ ಆ ಐವತ್ತು ಮೀಟರಿನ ಬೆಲೆ ಕಣ್ಣಿಗೇ ಕಾಣುತ್ತದೆ.

ಹಾಫ್ ಮ್ಯಾರಥಾನ್‌ಗೆ ತಯಾರಿ ಮಾಡ್ತಿದ್ದೀನಿ. 21 ಕಿ.ಮೀ. ಆಗೋ ಹಾಗೆ ದಾರಿ ಜೋಡಿಸಬಹುದಾ?

ಮಳವಲಿಯಿಂದ ಲೋಹಗಡವಾಡಿ, ವಾಪಸ್ ಮಳವಲಿ, ಅಲ್ಲಿಗೆ 16. ಅಲ್ಲಿಂದ ಇಂದ್ರಾಯಣಿ ದಾಟಿ ಕಾರ್ಲಾ ಫಾಟಾ ಕಡೆ ಹೋಗಿ ಬಂದು ಉಳಿದದ್ದನ್ನು ತುಂಬಿಕೊಳ್ಳಿ. ಹೆದ್ದಾರಿಯ ಈಚೆಯೇ ತಿರುಗಿ. ಏರು ಮೊದಲು ಮುಗಿದು, ದಣಿದ ಕಾಲಿಗೆ ಕೊನೆಯಲ್ಲಿ ಸಪಾಟು ಸಿಗುತ್ತದೆ. ಸ್ಟೇಷನ್ ನಡುವೆ ಬರುವುದರಿಂದ ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ತಿಂಗಳಿಗೆ ಒಂದು ಸಲ ಸಾಕು. ಉಳಿದ ವಾರ ಪುಣೆಯ ಸಪಾಟು ರಸ್ತೆಯಲ್ಲೇ ಓಡಿ.

ರಸ್ತೆಯಲ್ಲಿ ಭತ್ತ ಹರಡಿರುತ್ತಾರೆ. ಏನು ಮಾಡೋದು?

ಸುತ್ತು ಹಾಕಿ ಹೋಗಿ. ಸುಗ್ಗಿಯಲ್ಲಿ ಅರ್ಧ ಡಾಂಬರು ಕಣವಾಗಿರುತ್ತದೆ. ಮಣ್ಣಿನ ಶೂ ಒಂದು ಸಲ ತುಳಿದರೂ ಅದನ್ನು ಮತ್ತೆ ಕೇರಬೇಕಾದವರು ಅವರು. ಗದ್ದೆಯ ಬದುವಿನ ಮೇಲೂ ಓಡಬೇಡಿ. ಬದು ಕುಸಿದರೆ ಮಡಿಯ ನೀರೆಲ್ಲ ಹೋಗುತ್ತದೆ. ಓಡುವಾಗ ತಿನ್ನುವ ಜೆಲ್‌ನ ಪೊಟ್ಟಣ, ಬಾಟಲಿ ಎಲ್ಲ ನಿಮ್ಮ ಜೇಬಿನಲ್ಲೇ ಪುಣೆಗೆ ವಾಪಸ್ ಬರಲಿ.

ಜನ ಕಮ್ಮಿ ಇರೋ ದಾರಿ ಯಾವುದಾದರೂ ಇದೆಯಾ?

ಬೇಡಸೆ. ಮಳವಲಿಗೆ ಒಂದು ಸ್ಟೇಷನ್ ಮೊದಲು ಕಾಮಶೇತ್‌ನಲ್ಲಿ ಇಳಿದು, ಪವನಾನಗರದ ರಸ್ತೆ ಹಿಡಿಯಬೇಕು. ಒಂದು ಕಡೆಗೇ 8 ಕಿ.ಮೀ. ಹತ್ತಿರ, ನಡುವೆ ಏರಿಳಿತ ಇದೆ. ಇಂದ್ರಾಯಣಿ ಕಣಿವೆ ಬಿಟ್ಟು ಪವನಾ ಕಣಿವೆಗೆ ದಾಟುತ್ತೀರಿ. ಕೊನೆಯಲ್ಲಿ ಸುಮಾರು 400 ಮೆಟ್ಟಿಲು. ಕಾರ್ಲಾದ ಕಾಲು ಭಾಗ ಜನವೂ ಇಲ್ಲಿಗೆ ಬರುವುದಿಲ್ಲ.

ಚೈತ್ಯದ ಮುಂದೆ ಎರಡು ಬಂಡೆಗಳ ನಡುವೆ ಇಕ್ಕಟ್ಟಾದ ದಾರಿ. ಒಳಗೆ ಹೋದರೆ ತಲೆಯ ಮೇಲೆ ಎತ್ತರದ ಕಂಬಗಳು. ಅವುಗಳ ತುದಿಯಲ್ಲಿ ಕುದುರೆ, ಆನೆ, ಎತ್ತುಗಳ ಮೇಲೆ ಕೂತ ಗಂಡು ಹೆಣ್ಣು. ಕಾರ್ಲಾ, ಭಾಜೆ ಪಶ್ಚಿಮಕ್ಕೆ ಮುಖ ಮಾಡಿವೆ, ಬೇಡಸೆ ಪೂರ್ವಕ್ಕೆ. ಹಾಗಾಗಿ ಬೆಳಗಿನ ಬಿಸಿಲು ಆ ಸಂದಿಯಲ್ಲಿ ನುಗ್ಗಿ ಕಂಬಗಳ ಮೇಲೆ ಬೀಳುತ್ತದೆ. ಅದು ಸಿಗಬೇಕಾದರೆ ಕಾಮಶೇತ್‌ನಿಂದ ಇನ್ನೂ ಕತ್ತಲಿರುವಾಗಲೇ ಹೊರಡಬೇಕು. ಗುಂಪಿನಲ್ಲಿ ಹೋಗಿ. ತಲೆಗೆ ಕಟ್ಟುವ ಟಾರ್ಚ್ ತನ್ನಿ, ತಿಳಿ ಬಣ್ಣದ ಟೀಶರ್ಟ್ ಹಾಕಿ. ವಾಪಸ್ ಬರುವಾಗ ಕಾಮಶೇತ್ ಕಡೆ ಹೋಗುವ ಜೀಪು ಸಿಕ್ಕರೆ ಹತ್ತಿಕೊಳ್ಳಿ.